ಮೊದಲು ಸವೆಯುವುದು ಎಡಗಾಲಿನ ಶೂ ತುದಿ

ಡಿಸ್ಕ್ ಗಾಲ್ಫ್‌ಗೆ ಬೇಕಾದ ಸಾಮಾನು ಬಹಳ ಕಮ್ಮಿ. ಎರಡು ಮೂರು ಡಿಸ್ಕ್, ಎಸೆಯಲು ಒಂದು ಗುರಿ, ಒಂದಷ್ಟು ಬಯಲು. ಖರ್ಚೆಲ್ಲ ಡಿಸ್ಕಿಗೇ ಅಂತ ನನ್ನ ತಮ್ಮ ಹೇಳಿದ್ದ. ಅವನು ಪುಣೆಯಲ್ಲಿ ಕೆಲಸದಲ್ಲಿದ್ದಾನೆ, ರಜೆ ದಿನ ಗೆಳೆಯರ ಜೊತೆ ಹುಲ್ಲಿನ ಮೇಲೆ ಆಡುತ್ತಾನೆ. ಹುಲ್ಲಿನ ಮೇಲೆ ಆಡುವವರಿಗೆ ಆ ಮಾತು ಸರಿ. ನಾವು ಆಡುವುದು ಗಂಗಾವತಿ ಹತ್ತಿರ, ಸಾಣಾಪುರದ ಕಡೆ ಇರುವ ಸೋದರಮಾವನ ಹೊಲದಲ್ಲಿ. ಇಲ್ಲಿ ಡಿಸ್ಕು ವರ್ಷಗಟ್ಟಲೆ ಬಾಳುತ್ತದೆ, ಶೂ ಬಾಳುವುದಿಲ್ಲ.

ಗೊತ್ತಿಲ್ಲದವರಿಗೆ ಆಟದ ಬಗ್ಗೆ ಎರಡು ಮಾತು. ಗಾಲ್ಫ್ ತರಹದ್ದೇ ಆಟ, ಚೆಂಡಿನ ಬದಲು ತಟ್ಟೆ, ಕೋಲಿನ ಬದಲು ಕೈ. ದೂರದ ಗುರಿಯನ್ನು ಆದಷ್ಟು ಕಮ್ಮಿ ಎಸೆತದಲ್ಲಿ ಮುಟ್ಟಬೇಕು. ಫ್ರಿಸ್ಬಿ ತಯಾರಿಸುತ್ತಿದ್ದ ವ್ಯಾಮ್-ಓ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ ಇದಕ್ಕೊಂದು ರೂಪ ಕೊಟ್ಟವರು. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಅವರು ಕಾಯಂ ಕೋರ್ಸ್ ಮಾಡಿದರು, 1976ರಲ್ಲಿ ಪಿಡಿಜಿಎ ಅನ್ನುವ ಆಟಗಾರರ ಸಂಸ್ಥೆ ಕಟ್ಟಿದರು. ಸರಪಳಿ ನೇತಾಡುವ ಬುಟ್ಟಿಯೂ ಅವರದೇ. ಅದಕ್ಕೂ ಮುಂಚೆ ಮರ, ಕಂಬಗಳೇ ಗುರಿ. ನಮ್ಮಲ್ಲಿ ಈಗಲೂ ಅಷ್ಟೇ: ಬದುವಿನ ಬೇವಿನ ಮರ, ಪಂಪ್‌ಸೆಟ್ ಪಕ್ಕದ ಕಲ್ಲು ಕಂಬ. ಬುಟ್ಟಿ ಒಂದೇ ಒಂದಿದೆ. ಗಂಗಾವತಿಯ ವೆಲ್ಡಿಂಗ್ ಅಂಗಡಿಯಲ್ಲಿ ಸೈಕಲ್ ರಿಮ್ಮಿಗೆ ಸರಪಳಿ ಇಳಿಬಿಟ್ಟು ಮಾಡಿಸಿದ್ದು. "ಇದರಾಗ ಏನ್ ಹಾಕ್ತೀರಿ ಅಕ್ಕಾರ?" ಅಂತ ಕೇಳಿದ ಹುಡುಗ. ತಟ್ಟೆ ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ, ಆದರೆ ಬೆಸುಗೆ ಮಾತ್ರ ಗಟ್ಟಿಯಾಗಿ ಹಾಕಿದ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಡಿಸ್ಕ್ ಮಕ್ಕಳ ಫ್ರಿಸ್ಬಿ ಅಲ್ಲ. ಅಗಲ 21 ಸೆಂಟಿಮೀಟರ್ ಆಸುಪಾಸು, ತೂಕ 170 ಗ್ರಾಂ ಹತ್ತಿರ, ಅಂಚು ಚೂಪು. ತಾಗಿದರೆ ಪೆಟ್ಟು ಜೋರು. ಆನೆಗೊಂದಿ ಕಡೆ ಹಳೇ ಕಟ್ಟಡ, ಮಂಟಪ ಇರುವ ಜಾಗದಲ್ಲಿ, ಜನ ಓಡಾಡುವ ದಾರಿಯಲ್ಲಿ ಇದನ್ನು ಎಸೆಯಬಾರದು. ಸ್ವಂತ ಹೊಲ ಇಲ್ಲದಿದ್ದರೆ ಹೊಲದವರನ್ನು ಕೇಳಿ ಆಡಬೇಕು. ಸಂಜೆ ಕತ್ತಲಾಗುವ ಮುಂಚೆ ಮನೆಗೆ ಬರಬೇಕು. ಈ ಗುಡ್ಡಗಳಲ್ಲಿ ಚಿರತೆ ಇದೆ, ಕರಡಿಯೂ ಇದೆ. ಸುಮ್ನೆ ಹೆದರಿಸುತ್ತಿಲ್ಲ.

ಈಗ ಶೂ.

ಮಾವನ ಹೊಲ ಒಂದೇ ತರಹದ ನೆಲ ಅಲ್ಲ. ಮೇಲಿನ ಅಂಚಿನಲ್ಲಿ ಗ್ರಾನೈಟ್ ಹಾಸುಬಂಡೆ. ಅದರ ಕೆಳಗೆ ಮಸಾರಿ, ಕೆಂಪು ಮಣ್ಣು, ತುಂಬ ಹರಳು. ತಗ್ಗಿನಲ್ಲಿ ಎಡದಂಡೆ ಕಾಲುವೆಯ ನೀರುಣ್ಣುವ ಭತ್ತದ ಗದ್ದೆ, ಅಲ್ಲಿ ಎರೆ ಮಣ್ಣು. ಕೊಯ್ಲು ಮುಗಿದ ಮೇಲೆ ಅಲ್ಲಿ ಕೂಳೆ ನಿಂತಿರುತ್ತದೆ. ಬದುವಿನ ಉದ್ದಕ್ಕೂ ಬಳ್ಳಾರಿ ಜಾಲಿ. ಬೇಲಿಗೆ ಅಂತ ಯಾರೋ ಬಿಟ್ಟದ್ದು ಈಗ ಎಲ್ಲರ ಹೊಲಕ್ಕೂ ಬಂದಿದೆ. ಅದರ ಮುಳ್ಳು ಎರಡು ಇಂಚಿನವರೆಗೂ ಇರುತ್ತದೆ, ಒಣಗಿದ ಮೇಲೆ ಮೊಳೆಗಿಂತ ಕಮ್ಮಿಯಿಲ್ಲ. ಒಂದು ಸುತ್ತು ಆಡಿ ಮುಗಿಸುವಷ್ಟರಲ್ಲಿ ಈ ಎಲ್ಲದರ ಮೇಲೂ ಕಾಲಿಡುತ್ತೇವೆ.

ಎಲ್ಲಿ ನಿಲ್ಲಬೇಕು ಅನ್ನುವುದೂ ನಮ್ಮ ಕೈಯಲ್ಲಿ ಇಲ್ಲ. ಡಿಸ್ಕ್ ಬಿದ್ದಲ್ಲಿಂದಲೇ ಮುಂದಿನ ಎಸೆತ. ನಿಯಮದ ಪ್ರಕಾರ ಅದರ ಹಿಂದೆ 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದದ ಜಾಗ ಇರುತ್ತದೆ, ಎಸೆಯುವಾಗ ಒಂದು ಕಾಲು ಅಲ್ಲಿ ಊರಿರಬೇಕು. ಅದು ಇಳಿಜಾರು ಬಂಡೆಯಾದರೂ ಸರಿ, ಗದ್ದೆಯ ಬದುವಾದರೂ ಸರಿ. ಗುರಿಗೆ 10 ಮೀಟರ್ ಒಳಗಿದ್ದರೆ ಎಸೆದ ಮೇಲೆ ಮುಂದಕ್ಕೆ ಮುಗ್ಗರಿಸುವ ಹಾಗೂ ಇಲ್ಲ, ನಿಂತಲ್ಲೇ ಮೈ ಹಿಡಿದುಕೊಳ್ಳಬೇಕು. ಅಂಥ ಕಡೆ ಶೂ ಜಾರಿದರೆ ಎಸೆತ ಹೋದಂತೆಯೇ.

ಇಷ್ಟು ದಿನ ಹಾಕುತ್ತಿದ್ದದ್ದು ಮನೆಯಲ್ಲಿದ್ದ ವಾಕಿಂಗ್ ಶೂ. ಅದು ಹರಿದ ಮೇಲೆ ಕಸಕ್ಕೆ ಹಾಕುವ ಮುಂಚೆ ಮೇಜಿನ ಮೇಲೆ ಮಗುಚಿ ಇಟ್ಟು ನೋಡಿದೆ. ಹೊಸ ಶೂ ಕೊಳ್ಳುವವರು ಮೊದಲು ಮಾಡಬೇಕಾದ ಕೆಲಸ ಇದು. ನಾನು ಬಲಗೈಯಲ್ಲಿ ಬ್ಯಾಕ್‌ಹ್ಯಾಂಡ್ ಎಸೆಯುತ್ತೇನೆ, ಕೈಯನ್ನು ಎದೆಗೆ ಅಡ್ಡವಾಗಿ ಹಿಂದಕ್ಕೆ ಒಯ್ದು ಬೀಸುವುದು. ಹಾಗಾಗಿ ಎಸೆಯುವ ಮುಂಚಿನ ಓಟದ ಕೊನೆಯಲ್ಲಿ ಎಡಗಾಲು ಬಲಗಾಲಿನ ಹಿಂದಿನಿಂದ ದಾಟುತ್ತದೆ, ಆಮೇಲೆ ಬಲಗಾಲು ಮುಂದೆ ಊರುತ್ತದೆ. ಇದಕ್ಕೆ ಎಕ್ಸ್-ಸ್ಟೆಪ್ ಅನ್ನುತ್ತಾರೆ. ಬಲಗಾಲು ಗಕ್ಕನೆ ಮೈಯನ್ನು ತಡೆದು ನಿಲ್ಲಿಸುತ್ತದೆ, ಆ ಶಕ್ತಿ ಸೊಂಟ, ಭುಜ ದಾಟಿ ಕೈಗೆ ಬರುತ್ತದೆ. ಡಿಸ್ಕ್ ಕೈಬಿಟ್ಟ ಮೇಲೆ ಮೈ ತಿರುಗುತ್ತದೆ, ಬಲಗಾಲು ಹಿಮ್ಮಡಿಯ ಮೇಲೆ ತಿರುಗುತ್ತದೆ. ಹಿಂದಿನ ಎಡಗಾಲು ಬೆರಳ ತುದಿಯಲ್ಲಿ ನೆಲ ಉಜ್ಜಿಕೊಂಡು ಬರುತ್ತದೆ.

ಹಳೇ ಶೂ ಇದನ್ನೇ ಹೇಳುತ್ತಿತ್ತು. ಎಡ ಶೂ ತುದಿಯಲ್ಲಿ ಬಟ್ಟೆ ಸವೆದು ಹೆಬ್ಬೆರಳು ಕಾಣುವಷ್ಟು ತೂತು. ಅದರ ಅಡಿಭಾಗ ಮಾತ್ರ ಚೆನ್ನಾಗಿಯೇ ಇತ್ತು. ಬಲ ಶೂನಲ್ಲಿ ತುದಿಗೆ ಏನೂ ಆಗಿರಲಿಲ್ಲ. ಅದರ ಹೊರ ಅಂಚು ಬಾಯಿ ಬಿಟ್ಟಿತ್ತು, ಹಿಮ್ಮಡಿಯಲ್ಲಿ ಒಂದು ಕಡೆ ಗುಂಡಗೆ ಸವೆದಿತ್ತು. ವಾಕಿಂಗ್ ಹೋಗುವವರ ಎರಡೂ ಶೂ ಸುಮಾರು ಒಂದೇ ತರಹ ಸವೆಯುತ್ತವೆ. ನಮ್ಮದು ಹಾಗಲ್ಲ. ಅಂಗಡಿಯಲ್ಲಿ "ಗಟ್ಟಿ ಐತ್ರಿ" ಅಂತ ಅಡಿ ತಟ್ಟಿ ತೋರಿಸಿದರೆ ಸಾಕಾಗುವುದಿಲ್ಲ. ತುದಿ ಗಟ್ಟಿ ಇದೆಯಾ, ಪಕ್ಕ ಗಟ್ಟಿ ಇದೆಯಾ ಅಂತ ನೋಡಬೇಕು. ಫೋರ್‌ಹ್ಯಾಂಡ್, ಅಂದರೆ ಮೈಯ ಪಕ್ಕದಿಂದ ಕೈ ಬೀಸಿ, ಜಾಸ್ತಿ ಎಸೆಯುವವರಿಗೆ ಊರುವ ಕಾಲೇ ಬದಲಾಗುತ್ತದೆ, ಆದ್ದರಿಂದ ಅವರ ಲೆಕ್ಕ ಬೇರೆ.

ಗಂಗಾವತಿಯ ಅಂಗಡಿಗೆ ಹೋದೆ. "ಯಾವ ಆಟಕ್ಕ ಬೇಕ್ರಿ ಅಕ್ಕಾರ?"

"ತಟ್ಟೆ ಎಸಿಯೋ ಆಟಕ್ಕ."

"ಹಂಗಂದ್ರ ವಾಕಿಂಗ್ ಶೂ ಸಾಕ್ರಿ."

ಹೆಂಗಸರ ಕಪಾಟಿನಲ್ಲಿ ಇದ್ದದ್ದೆಲ್ಲ ಗುಲಾಬಿ, ನೇರಳೆ. ಎಲ್ಲವೂ ಹಗುರ, ಎಲ್ಲವೂ ಮೆತ್ತಗೆ. ಹಿಡಿತದ ಶೂ ಹೆಂಗಸರಿಗೆ ಯಾಕೆ ಬೇಕು ಅಂತ ಕಂಪನಿಗಳೂ ಯೋಚಿಸುತ್ತವೆ, ಅಂಗಡಿಯವರೂ ಯೋಚಿಸುತ್ತಾರೆ. ನಮ್ಮ ಹೊಲಗಳಲ್ಲಿ ಭತ್ತ ನಾಟಿ ಮಾಡುವವರು, ಕಳೆ ತೆಗೆಯುವವರು ಯಾರು ಅಂತ ಇವರು ಒಮ್ಮೆ ಬಂದು ನೋಡಲಿ. ಕೊನೆಗೆ ಗಂಡಸರ ಕಪಾಟಿಗೇ ಹೋದೆ. ಹೆಂಗಸರಿಗೆ ಇದು ಉಪಯೋಗಕ್ಕೆ ಬರುವ ಮಾತು: ಯುಕೆ ಅಳತೆಯಲ್ಲಿ ಗಂಡಸರಿಗೂ ಹೆಂಗಸರಿಗೂ ಸಂಖ್ಯೆ ಒಂದೇ. ನನ್ನ 6 ಗಂಡಸರ 6ಕ್ಕೆ ಸಮ. ಯುಎಸ್ ಅಳತೆಯಲ್ಲಿ ಮಾತ್ರ ಒಂದೂವರೆಯಷ್ಟು ವ್ಯತ್ಯಾಸ ಬರುತ್ತದೆ. ಗಂಡಸರ ಶೂ ಮುಂಭಾಗದಲ್ಲಿ ಸ್ವಲ್ಪ ಅಗಲ. ಚಿಕ್ಕಂದಿನಿಂದ ಚಪ್ಪಲಿಯಲ್ಲೇ ಬೆಳೆದ ನನ್ನಂಥವರ ಪಾದಕ್ಕೆ ಅದೇ ಆರಾಮ. ಗಂಡಸರ ಸಣ್ಣ ಅಳತೆ ಸಿಗದಿದ್ದರೆ ಹುಡುಗರ ದೊಡ್ಡ ಅಳತೆ ಕೇಳಿ, ಬೆಲೆಯೂ ಕಮ್ಮಿ ಇರುತ್ತದೆ.

ಅವತ್ತು ಏನೂ ತರಲಿಲ್ಲ. ಆದರೆ ಏನೇನು ಸಿಗುತ್ತದೆ ಅನ್ನುವುದು ಗೊತ್ತಾಯಿತು. ಆಮೇಲೆ ಕೆಲವು ವಾರ ನೆಂಟರು, ಪಕ್ಕದ ಮನೆಯವರು ಅಂತ ಸಿಕ್ಕವರ ಶೂ ಎಲ್ಲ ಹಾಕಿ ಹೊಲದಲ್ಲಿ ಎಸೆದು ನೋಡಿದೆ. ಒಬ್ಬರದ್ದು ಬಿಗಿ, ಒಬ್ಬರದ್ದು ಸಡಿಲ. ಆದರೂ ಅಡಿಯ ಗುಣ ಗೊತ್ತಾಗುತ್ತದೆ.

ಅಕ್ಕನ ಮಗನ ಫುಟ್‌ಬಾಲ್ ಶೂ ಮೊದಲು. ಅಡಿಯಲ್ಲಿ ಮುಳ್ಳಿನ ತರಹ ಗಟ್ಟಿ ಗುಬುಟು. ಮಸಾರಿಯಲ್ಲಿ ಭಯಂಕರ ಹಿಡಿತ. ಆ ಹಿಡಿತವೇ ತೊಂದರೆ. ಬಲಗಾಲು ಊರಿದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ. ನಡುವೆ ಸಿಕ್ಕಿಕೊಳ್ಳುವುದು ಮಂಡಿ. ಎರಡು ಎಸೆತಕ್ಕೇ ಮಂಡಿಯ ಒಳಗೆ ಏನೋ ಹಿಂಡಿದ ಹಾಗಾಯಿತು, ಬಿಚ್ಚಿಟ್ಟೆ. ಬಂಡೆಯ ಮೇಲಂತೂ ಆ ಗಟ್ಟಿ ಪ್ಲಾಸ್ಟಿಕ್ ಗುಬುಟು ನಿಲ್ಲುವುದೇ ಇಲ್ಲ. ಹಿಡಿತ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವವರ ಮಾತನ್ನು ಅವತ್ತಿನಿಂದ ನಾನು ಒಪ್ಪುವುದಿಲ್ಲ. ಊರುವಾಗ ಹಿಡಿಯಬೇಕು, ತಿರುಗುವಾಗ ಬಿಡಬೇಕು. ಎರಡೂ ಮಾಡುವ ಅಡಿ ಬೇಕು.

ರನ್ನಿಂಗ್ ಶೂ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೆಟ್ಟಗೆ ಓಡುವುದಕ್ಕೆ ಮಾಡಿದ್ದು, ಅಡಿ ಎತ್ತರ, ಮೆತ್ತಗೆ. ಅಡ್ಡಡ್ಡ ಊರಿದರೆ ಪಾದ ಹೊರಗೆ ವಾಲುತ್ತದೆ. ಜಾಲಿ ಮುಳ್ಳು ಆ ಫೋಮಿನಲ್ಲಿ ಸಲೀಸಾಗಿ ಇಳಿಯುತ್ತದೆ.

ಶಾಲೆಯ ಬಿಳಿ ಕ್ಯಾನ್ವಾಸ್ ಶೂ ನನಗೆ ಆಶ್ಚರ್ಯ ಹುಟ್ಟಿಸಿತು. ಅಡಿ ಚಪ್ಪಟೆ, ಪಾದ ನೆಲಕ್ಕೆ ಹತ್ತಿರ, ಒಣ ಬಂಡೆಯ ಮೇಲೆ ಒಳ್ಳೆಯ ಹಿಡಿತ, ತುದಿಯಲ್ಲಿ ರಬ್ಬರ್ ಪಟ್ಟಿ ಬೇರೆ. ಸಿಮೆಂಟಿನ ಮೇಲೆ ಚೆನ್ನಾಗಿ ತಿರುಗುತ್ತದೆ. ಆದರೆ ಕೂಳೆ ಬಟ್ಟೆಯನ್ನು ಚುಚ್ಚುತ್ತದೆ, ಒದ್ದೆ ಮಣ್ಣಲ್ಲಿ ಕಾಲು ನಿಲ್ಲುವುದಿಲ್ಲ, ಹಿಮ್ಮಡಿಗೆ ಮೆತ್ತೆ ಇಲ್ಲ. ಬರೀ ಬೇಸಿಗೆಯಲ್ಲಿ, ಮುಳ್ಳಿಲ್ಲದ ಜಾಗದಲ್ಲಿ ಆಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಸಾವಿರ ರೂಪಾಯಿ ಕೂಡ ಬೇಕಿಲ್ಲ.

ಚಳಿಗಾಲದಲ್ಲಿ ಸಾಣಾಪುರದ ಕಡೆ ಬಂಡೆ ಹತ್ತುವವರು ಬರುತ್ತಾರೆ, ಬೆನ್ನ ಮೇಲೆ ಹಾಸಿಗೆಯಷ್ಟು ದೊಡ್ಡ ಮೆತ್ತೆ ಹೊತ್ತುಕೊಂಡು. ಬಂಡೆಯ ಬುಡದವರೆಗೆ ನಡೆಯುವುದಕ್ಕೆ ಅವರು ಹಾಕುವ ಶೂಗೆ ಅಪ್ರೋಚ್ ಶೂ ಅನ್ನುತ್ತಾರೆ. ಅದರ ರಬ್ಬರ್ ಬಹಳ ಮೆದು, ಗ್ರಾನೈಟಿಗೆ ಅಂಟಿಕೊಂಡೇ ನಿಲ್ಲುತ್ತದೆ. ಅದೇ ಕಾರಣಕ್ಕೆ ಒರಟು ಸಿಮೆಂಟಿನ ಮೇಲೆ ಬೇಗ ಸವೆಯುತ್ತದೆ. ಮೆದು ರಬ್ಬರ್ ಹಿಡಿಯುತ್ತದೆ, ಬಾಳುವುದಿಲ್ಲ. ಗಟ್ಟಿ ರಬ್ಬರ್ ಬಾಳುತ್ತದೆ, ಜಾರುತ್ತದೆ. ಎಲ್ಲ ಕಂಪನಿಗಳೂ ಇವೆರಡರ ನಡುವೆ ಎಲ್ಲೋ ಒಂದು ಕಡೆ ನಿಲ್ಲುತ್ತವೆ, ಅಷ್ಟೇ. ವಿಬ್ರಂ ಅಂತ ಹಳದಿ ಗುರುತು ಇರುವ ಅಡಿ ನೋಡಿರಬಹುದು. ಇಟಲಿಯ ವಿಟಾಲೆ ಬ್ರಮಾನಿ 1935ರಲ್ಲಿ ಆಲ್ಪ್ಸ್‌ನಲ್ಲಿ ಜೊತೆಗಾರರನ್ನು ಕಳೆದುಕೊಂಡ ಮೇಲೆ ಯೋಚಿಸಿ ಮಾಡಿದ ರಬ್ಬರ್ ಅಡಿ ಅದು. ಅವರ ಬೆನ್ನಿಗೆ ನಿಂತದ್ದು ಪಿರೆಲ್ಲಿ, ಟೈರ್ ಮಾಡುವವರು. ಈಗ ಅಡಿಡಾಸ್‌ನ ಕೆಲವು ಟೆರೆಕ್ಸ್ ಶೂಗಳಲ್ಲೂ ಕಾಂಟಿನೆಂಟಲ್ ಟೈರ್ ಕಂಪನಿಯ ರಬ್ಬರ್ ಬರುತ್ತದೆ. ನಮ್ಮಲ್ಲಿ ಲಾರಿ ಟೈರಿನ ಚಪ್ಪಲಿ ಹೊಲಿಸಿಕೊಂಡು ಹೊಲಕ್ಕೆ ಹೋಗುತ್ತಿದ್ದ ಅಜ್ಜಂದಿರು ಇದನ್ನು ಕೇಳಿದ್ದರೆ ಅದರಲ್ಲೇನು ದೊಡ್ಡದು ಅನ್ನುತ್ತಿದ್ದರು.

ಕೊನೆಗೆ ಉಳಿದದ್ದು ಎರಡು ಜಾತಿ. ಒಂದು, ಗಟ್ಟಿ ಅಂಗಳದ ಟೆನ್ನಿಸ್ ಶೂ. ಇನ್ನೊಂದು, ಗುಡ್ಡಗಾಡಿನಲ್ಲಿ ಓಡುವವರ ಟ್ರೇಲ್ ಶೂ. ಟೆನ್ನಿಸ್ ಶೂ ಯಾಕೆ ಅಂದರೆ, ಸರ್ವ್ ಮಾಡುವಾಗ ಅವರೂ ಹಿಂದಿನ ಕಾಲಿನ ತುದಿಯನ್ನು ನೆಲಕ್ಕೆ ಉಜ್ಜುತ್ತಾರೆ. ಅದಕ್ಕೇ ತುದಿಗೆ ದಪ್ಪ ರಬ್ಬರ್ ಹತ್ತಿಸಿರುತ್ತಾರೆ. ಪಕ್ಕಕ್ಕೆ ಹಾರಿ ನಿಲ್ಲುವ ಆಟವಾದ್ದರಿಂದ ಪಕ್ಕಗಳೂ ಗಟ್ಟಿ. ಅಡಿಯ ಅಂಕುಡೊಂಕು ಗೆರೆಗಳು ಸಿಮೆಂಟಿನ ಮೇಲೆ ಹಿಡಿಯುತ್ತವೆ, ತಿರುಗಲೂ ಬಿಡುತ್ತವೆ. ತಮ್ಮ ಪುಣೆಯಲ್ಲಿ ಈಗ ಇದನ್ನೇ ಹಾಕುತ್ತಾನೆ, ಖುಷಿಯಾಗಿದ್ದಾನೆ. ಒಂದೇ ಕೊರತೆ, ಆ ಸಣ್ಣ ಗೆರೆಗಳಲ್ಲಿ ಮಣ್ಣು ತುಂಬಿಕೊಂಡರೆ ಶೂ ಜಾರುವ ಹಲಗೆಯೇ ಆಗಿಬಿಡುತ್ತದೆ.

ನಮ್ಮಲ್ಲಿ ಮಣ್ಣೇ ಜಾಸ್ತಿ. ಹಾಗಾಗಿ ಟ್ರೇಲ್ ಶೂ ಅಂತ ತೀರ್ಮಾನಿಸಿದೆ. ಟ್ರೇಲ್ ಶೂನಲ್ಲೂ ಗುಬುಟುಗಳ ಎತ್ತರ ಬೇರೆ ಬೇರೆ. 6 ಮಿಲಿಮೀಟರಿಗಿಂತ ಜಾಸ್ತಿ ಇದ್ದರೆ ಕೆಸರಿಗೆ ಅಂತಲೇ ಮಾಡಿದ್ದು. ಅದನ್ನು ಬಂಡೆಯ ಮೇಲೆ ಹಾಕಿದರೆ ಗುಬುಟು ಬಾಗಿ ಪಾದ ಅಲ್ಲಾಡುತ್ತದೆ. 3ಕ್ಕಿಂತ ಕಮ್ಮಿ ಇದ್ದರೆ ರಸ್ತೆ ಶೂಗೂ ಅದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ನನಗೆ ಬೇಕಾದದ್ದು 4 ಮಿಲಿಮೀಟರ್ ಹತ್ತಿರದ್ದು, ಗುಬುಟುಗಳ ನಡುವೆ ಚೆನ್ನಾಗಿ ಜಾಗ ಇರುವಂಥದ್ದು, ತುದಿಗೆ ರಬ್ಬರ್ ಮೇಲಕ್ಕೆ ಹತ್ತಿರುವಂಥದ್ದು.

ಅಂಥದ್ದು ಸಿಕ್ಕಿದ್ದು ಹುಬ್ಬಳ್ಳಿಯಲ್ಲಿ. ನೆಂಟರ ಮದುವೆಗೆ ಹೋದವಳು ಊಟ ಮುಗಿಸಿ ನೇರ ಆಟದ ಸಾಮಾನಿನ ದೊಡ್ಡ ಮಳಿಗೆಗೆ ಹೋದೆ. ಮೈಮೇಲೆ ಇಳಕಲ್ ಸೀರೆ, ಬ್ಯಾಗಿನಲ್ಲಿ ಆಟಕ್ಕೆ ಹಾಕುವ ದಪ್ಪ ಕಾಲುಚೀಲ. ಸಂಜೆ ಹೊತ್ತು ಹೋದದ್ದು ಬೇಕಂತಲೇ. ದಿನವಿಡೀ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ, ಬೆಳಿಗ್ಗೆ ಸರಿಯಾದ ಶೂ ಸಂಜೆಗೆ ಕಚ್ಚುತ್ತದೆ. ಆಡುವಾಗಲೂ ಪಾದ ಹಾಗೇ ಊದುತ್ತದೆ ಅಲ್ವಾ?

ಶೂ ಕೈಗೆ ತೆಗೆದುಕೊಂಡು ಮೊದಲು ಬಗ್ಗಿಸಿದೆ. ಬೆರಳು ಮಡಚುವ ಜಾಗದಲ್ಲೇ ಬಾಗಬೇಕು, ನಡು ಭಾಗದಲ್ಲಿ ಬಾಗಿದರೆ ಬೇಡ. ಆಮೇಲೆ ಎರಡೂ ತುದಿ ಹಿಡಿದು ಬಟ್ಟೆ ಹಿಂಡುವ ಹಾಗೆ ತಿರುಚಿದೆ. ಸುಲಭವಾಗಿ ತಿರುಚಿಕೊಳ್ಳುವ ಶೂ ಇಳಿಜಾರಿನಲ್ಲಿ ಪಾದವನ್ನೂ ತಿರುಚುತ್ತದೆ. ಸ್ವಲ್ಪ ವಿರೋಧ ಬೇಕು. ಹಿಮ್ಮಡಿಯ ಬಟ್ಟಲನ್ನು ಹೆಬ್ಬೆರಳಿನಿಂದ ಒತ್ತಿದೆ, ಗಟ್ಟಿ ಇತ್ತು. ಉಗುರಿನಿಂದ ಅಡಿಯ ರಬ್ಬರ್ ಒತ್ತಿದೆ. ಗುರುತು ಬಿದ್ದು ತಕ್ಷಣ ಮಾಯವಾದರೆ ಮಧ್ಯಮ ರಬ್ಬರ್ ಅಂತ ನನ್ನ ಲೆಕ್ಕ. ಒಳಗಿನ ಅಟ್ಟೆ ಹೊರಗೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಂತೆ. ಪಾದದ ಅಂಚು ಎಲ್ಲೂ ಹೊರಗೆ ಚಾಚಬಾರದು, ಹೆಬ್ಬೆರಳ ಮುಂದೆ ಅರ್ಧ ಇಂಚು ಬಿಡುವು ಇರಬೇಕು. ಇಳಿಜಾರಿನಲ್ಲಿ ಇಳಿಯುವಾಗ ಬೆರಳು ಮುಂದಕ್ಕೆ ಬಂದು ಗುದ್ದುತ್ತದೆ. ಬಿಡುವು ಇಲ್ಲದಿದ್ದರೆ ಉಗುರು ಕಪ್ಪಾಗುತ್ತದೆ.

ಇಷ್ಟಾದ ಮೇಲೆ ಹಾಕಿಕೊಂಡು ಸಾಲಿನ ನಡುವೆ ಎಕ್ಸ್-ಸ್ಟೆಪ್ ಹಾಕಿದೆ. ಸೀರೆಯ ನಿರಿಗೆ ಒಂದು ಕೈಯಲ್ಲಿ ಹಿಡಿದುಕೊಂಡು. ಟೈಲ್ಸ್ ಮೇಲೆ ಬಲ ಹಿಮ್ಮಡಿ ಊರಿ ತಿರುಗಿ ನೋಡಿದೆ. ಕೀರ್ ಅಂತ ಶಬ್ದ ಮಾಡಿ ತಿರುಗಿತು, ಮಂಡಿಗೆ ಏನೂ ಅನ್ನಿಸಲಿಲ್ಲ. ಅಂಗಡಿಯ ಹುಡುಗ ದೂರದಿಂದ ನೋಡುತ್ತಿದ್ದ. "ಮೇಡಂ, ಡಾನ್ಸಿಗೇನ್ರಿ?" ಅಂದ. ಡಾನ್ಸಿಗೂ ಆದೀತು ಅಂದೆ. ನನ್ನ ಜೊತೆ ಬಂದಿದ್ದ ಚಿಕ್ಕಮ್ಮ ಅಷ್ಟರಲ್ಲಿ ಪಕ್ಕದ ಸಾಲಿಗೆ ಹೋಗಿ ನಿಂತಿದ್ದರು, ಪರಿಚಯವೇ ಇಲ್ಲದವರ ಹಾಗೆ.

ಅಲ್ಲೇ ನೀರು ಒಳಗೆ ಬಿಡದ ಶೂ ಕೂಡ ಇತ್ತು, ಬೆಲೆ ಒಂದೂವರೆ ಪಟ್ಟು. ಹುಡುಗ ಅದನ್ನೇ ತಗೊಳ್ಳಿ ಅಂದ. ಬೇಡ ಅಂದೆ. ಹೊರಗಿನ ನೀರು ಒಳಗೆ ಬರದ ಪದರ ಒಳಗಿನ ಬೆವರನ್ನೂ ಅಷ್ಟು ಸುಲಭವಾಗಿ ಹೊರಗೆ ಬಿಡುವುದಿಲ್ಲ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಇನ್ನು ಗದ್ದೆಯ ನೀರು ಬರುವುದು ಬದಿಯಿಂದ ಅಲ್ಲ, ಮೇಲಿನಿಂದ. ಪಾದದ ಗಂಟಿನವರೆಗೆ ಕಾಲು ಹೂತರೆ ಯಾವ ಪದರವೂ ತಡೆಯುವುದಿಲ್ಲ, ಆಮೇಲೆ ಆ ನೀರು ಹೊರಗೂ ಹೋಗುವುದಿಲ್ಲ. ಜಾಳಿಗೆಯಂಥ ಬಟ್ಟೆ ಇದ್ದರೆ ನೀರು ಬರುತ್ತದೆ, ಹೋಗುತ್ತದೆ, ಒಣಗುತ್ತದೆ. 3,000 ರೂಪಾಯಿಯ ಒಳಗೆ ನನ್ನ ಕೆಲಸ ಮುಗಿಯಿತು.

ಶೂ ಬಂದ ಹೊತ್ತಿಗೇ ಹೊಲದಲ್ಲಿ ಎಸೆಯುವ ಕಟ್ಟೆ ಕೂಡ ಆಯಿತು. ಓಡಿ ಬಂದು ಎಸೆಯುವ ಜಾಗ ಸಮತಟ್ಟಾಗಿ ಇಲ್ಲದಿದ್ದರೆ ಯಾವ ಶೂ ಇದ್ದೂ ಪ್ರಯೋಜನ ಇಲ್ಲ. 5 ಅಡಿ ಅಗಲ, 10 ಅಡಿ ಉದ್ದ ಸಿಮೆಂಟ್ ಹಾಕಿಸೋಣ ಅಂತ ಮಾವ ಗೌಂಡಿಯನ್ನು ಕರೆಸಿದರು. ಗೌಂಡಿ ಕೆಲಸದಲ್ಲಿ ಗಟ್ಟಿಗ. ಕರಣಿ ಹಿಡಿದು ಕನ್ನಡಿ ಹಾಗೆ ತಿಕ್ಕತೊಡಗಿದ. ಬೇಡ, ಒರಟು ಇರಲಿ ಅಂದೆ.

"ಒರಟ ಬಿಟ್ರ ಜನ ನನಗ ಬೈತಾರ್ರಿ ಅಕ್ಕಾರ. ಇಂವಗ ಕೆಲಸ ಬರಂಗಿಲ್ಲ ಅಂತಾರ."

"ನುಣ್ಣಗ ಮಾಡಿದ್ರ ನಾ ಬಿದ್ದು ಹಲ್ಲು ಮುರ್ಕೊಂತೀನಿ, ಆಗೂ ನಿನಗ ಬೈತಾರ."

ಅವನು ಯೋಚಿಸಿ ಕಸಬರಿಗೆ ತಂದ. ಸಿಮೆಂಟ್ ಹಸಿ ಇರುವಾಗಲೇ ಓಟಕ್ಕೆ ಅಡ್ಡವಾಗಿ ಒಂದೇ ಸಮ ಗೆರೆ ಎಳೆದ. ಒಣಗಿದ ಮೇಲೆ ಅದರ ಮೇಲೆ ಮಳೆ ನೀರು ಬಿದ್ದರೂ ಕಾಲು ನಿಲ್ಲುತ್ತದೆ. ಕಟ್ಟೆಯ ಮುಂದಿನ ಅಂಚಿನಿಂದಾಚೆಗೂ ಎರಡು ಹೆಜ್ಜೆಯಷ್ಟು ಮಣ್ಣು ಸಮ ಮಾಡಿಸಿದ್ದೇವೆ. ಎಸೆದ ಮೇಲೆ ಕಾಲು ಅಲ್ಲಿಗೆ ಹೋಗುತ್ತದೆ, ತಗ್ಗಿದ್ದರೆ ಹಿಮ್ಮಡಿ ಹೊರಳುತ್ತದೆ.

ಹೊಸ ಶೂ ಬಂಡೆಯ ಮೇಲೆ, ಮಸಾರಿಯಲ್ಲಿ ಅಂದುಕೊಂಡ ಹಾಗೇ ನಡೆದುಕೊಂಡಿತು. ಒಂದು ವಿಷಯ ಮಾತ್ರ ಶೂ ಕೈಯಲ್ಲಿ ಇಲ್ಲ. ಗ್ರಾನೈಟಿನ ಮೇಲ್ಪದರ ಉದುರಿ ಸಣ್ಣ ಹರಳು ಬಂಡೆಯ ಮೇಲೇ ಬಿದ್ದಿರುತ್ತದೆ. ಅದರ ಮೇಲೆ ಕಾಲಿಟ್ಟರೆ ಹರಳು ಉರುಳುತ್ತದೆ, ಅದರ ಜೊತೆ ನಾವೂ. ಎಷ್ಟೇ ದುಬಾರಿ ರಬ್ಬರ್ ಇರಲಿ, ಬಂಡೆಯನ್ನು ಮುಟ್ಟಿದರೆ ತಾನೇ ಹಿಡಿಯುವುದು? ಈಗ ಬಂಡೆಯ ಮೇಲಿಂದ ಎಸೆಯುವಾಗ ಮೊದಲು ಕಾಲಿನಲ್ಲಿ ಆ ಜಾಗ ಗುಡಿಸಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಬಂಡೆಯ ಮೇಲೆ ಕರೀ ಪಾಚಿ ಇರುವ ಕಡೆ ಓಡಿ ಎಸೆಯುವುದೇ ಇಲ್ಲ, ನಿಂತೇ ಎಸೆಯುತ್ತೇನೆ.

ಎರೆ ಮಣ್ಣಿನ ಕಥೆ ಬೇರೆ. ನೀರು ಕುಡಿದು ಉಬ್ಬುವ ಮಣ್ಣು ಅದು. ಮೊದಲ ಮಳೆಗೆ ಹತ್ತು ಹೆಜ್ಜೆ ಇಟ್ಟರೆ ಪ್ರತಿ ಶೂ ಅಡಿಗೆ ಒಂದೊಂದು ಮುದ್ದೆ. ಗುಬುಟುಗಳ ನಡುವೆ ಜಾಗ ಇರುವುದರಿಂದ ನನ್ನ ಶೂನಲ್ಲಿ ಕಾಲು ಜಾಡಿಸಿದರೆ ಸ್ವಲ್ಪ ಉದುರುತ್ತದೆ. ಪೂರ್ತಿ ಅಲ್ಲ. ಚೀಲದಲ್ಲಿ ಚಪ್ಪಟೆ ಬಿದಿರು ಕಡ್ಡಿ ಇಟ್ಟುಕೊಂಡಿದ್ದೇನೆ, ಎಸೆಯುವ ಮುಂಚೆ ಅಡಿ ಕೆರೆದುಕೊಳ್ಳುತ್ತೇನೆ, ಗೋಣಿಚೀಲದ ತುಂಡಿಗೆ ಒರೆಸುತ್ತೇನೆ. ಎರೆಯಲ್ಲಿ ಜಾರದ ಶೂ ಇದೆ ಅಂತ ಯಾರಾದರೂ ಮಾರಲು ಬಂದರೆ ಅವರನ್ನು ಜುಲೈ ತಿಂಗಳಲ್ಲಿ ಸಿಂಧನೂರಿನ ಕಡೆಯ ಎರೆ ಹೊಲಕ್ಕೆ ಕರೆದುಕೊಂಡು ಹೋಗಿ.

ಮುಳ್ಳಿಗೂ ಪೂರ್ತಿ ಪರಿಹಾರ ಸಿಕ್ಕಿಲ್ಲ. ಗುಬುಟು ಇರುವ ಜಾಗದಲ್ಲಿ ರಬ್ಬರ್ ದಪ್ಪ, ಅವುಗಳ ನಡುವೆ ತೆಳು. ಜಾಲಿ ಮುಳ್ಳಿಗೆ ಆ ತೆಳು ಜಾಗ ಸಾಕು. ಕೆಲವು ಟ್ರೇಲ್ ಶೂಗಳಲ್ಲಿ ಕಲ್ಲು ಚುಚ್ಚದ ಹಾಗೆ ಒಳಗೊಂದು ತೆಳು ಪ್ಲಾಸ್ಟಿಕ್ ಹಾಳೆ ಇರುತ್ತದೆ, ಮುಂದಿನ ಸಲ ಅದನ್ನು ಕೇಳಿ ಕೊಳ್ಳುತ್ತೇನೆ. ಈಗ ಪ್ರತಿ ಸುತ್ತು ಮುಗಿದ ಮೇಲೆ ಅಡಿ ಮೇಲೆ ಮಾಡಿ ನೋಡಿ, ಮುರಿದು ಒಳಗೆ ಉಳಿದ ಮುಳ್ಳನ್ನು ಚಿಮುಟದಲ್ಲಿ ಕೀಳುತ್ತೇನೆ. ಬಿಟ್ಟರೆ ನಡೆದಷ್ಟೂ ಒಳಗೆ ಹೋಗುತ್ತದೆ, ಒಂದು ದಿನ ಪಾದಕ್ಕೇ ಬರುತ್ತದೆ. ನೆಗ್ಗಿಲು ಮುಳ್ಳು ಅಷ್ಟು ಅಪಾಯ ಅಲ್ಲ, ಆದರೆ ಶೂ ಜೊತೆ ಮನೆಯೊಳಗೆ ಬರುತ್ತದೆ. ಬರಿಗಾಲಲ್ಲಿ ಓಡಾಡುವ ಅಮ್ಮನಿಂದ ಬೈಗುಳ ನನಗೆ.

ನಾವು ಶೂ ಕೆಡಿಸುವುದು ಆಟದಲ್ಲಿ ಮಾತ್ರ ಅಲ್ಲ, ಒಣಗಿಸುವಾಗಲೂ. ಒದ್ದೆ ಶೂ ಮಾಳಿಗೆಯ ಮೇಲೆ ಬಿಸಿಲಿಗೆ ಇಡುವುದು ನಮ್ಮ ಮನೆಗಳ ರೂಢಿ. ಅಡಿಯನ್ನು ಮೇಲ್ಭಾಗಕ್ಕೆ ಹಿಡಿದಿರುವುದು ಅಂಟು. ಬಿಸಿಗೆ ಅದು ಮೆದುವಾಗುತ್ತದೆ, ರಬ್ಬರ್ ಒಣಗಿ ಸೀಳು ಬಿಡುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಬಿಡುವುದೂ ಅಷ್ಟೇ ಕೆಟ್ಟದ್ದು. ಅಟ್ಟೆ ತೆಗೆದು, ಒಳಗೆ ಹಳೇ ಪತ್ರಿಕೆ ತುರುಕಿ, ನೆರಳಲ್ಲಿ ಗಾಳಿಗೆ ಇಡಬೇಕು. ಒಂದು ರಾತ್ರಿ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಇಷ್ಟೆಲ್ಲ ನೋಡಿಕೊಂಡರೂ ಒರಟು ಸಿಮೆಂಟ್ ತನ್ನ ಕೆಲಸ ಮಾಡಿಯೇ ಮಾಡಿತು. ಎಡ ಶೂ ತುದಿಯ ರಬ್ಬರ್ ತೆಳುವಾಗತೊಡಗಿತು. ತೂತು ಬೀಳುವವರೆಗೆ ಕಾಯದೆ ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಯುವ ಕಾಕಾ ಬಳಿ ತೆಗೆದುಕೊಂಡು ಹೋದೆ. ತಮ್ಮ ಫೋನಿನಲ್ಲಿ ಫೆವಿಕ್ವಿಕ್ ಹಾಕು ಅಂದಿದ್ದ. ಕಾಕಾ ನಕ್ಕರು. "ಅದು ಗಾಜಿನಂಗ ಆಗ್ತೈತವ್ವಾ. ಶೂ ಬಗ್ಗಿದ ಕೂಡ್ಲೆ ಪಟ್ ಅಂತೈತಿ." ಅವರ ಹತ್ತಿರ ಸ್ಕೂಟರ್ ಟೈರಿನ ತುಂಡುಗಳು ಇದ್ದವು. ಒಂದನ್ನು ಅರ್ಧ ಚಂದ್ರದ ಆಕಾರಕ್ಕೆ ಕತ್ತರಿಸಿ, ಅಂಚನ್ನು ರಂಪಿಯಿಂದ ತೆಳುವಾಗಿ ಕೆತ್ತಿದರು. ಶೂ ತುದಿಯನ್ನೂ ಟೈರನ್ನೂ ಅರದಿಂದ ಉಜ್ಜಿ ಒರಟು ಮಾಡಿದರು. ಎರಡಕ್ಕೂ ಸೊಲ್ಯೂಷನ್ ತೆಳ್ಳಗೆ ಹಚ್ಚಿ ಪಕ್ಕಕ್ಕೆ ಇಟ್ಟು ಬೀಡಿ ಹಚ್ಚಿದರು. ತಕ್ಷಣ ಅಂಟಿಸುವುದಿಲ್ಲ. ಬೆರಳಿಗೆ ಅಂಟು ಹತ್ತದಷ್ಟು ಒಣಗಿದ ಮೇಲೆಯೇ ಎರಡನ್ನೂ ಸೇರಿಸಿ ಸುತ್ತಿಗೆಯಿಂದ ತಟ್ಟಿದರು, ಮೇಲಂಚಿಗೆ ನೈಲಾನ್ ದಾರದಲ್ಲಿ ಹೊಲಿಗೆ ಹಾಕಿದರು. ನೋಡಲು ಚೆನ್ನಾಗಿಲ್ಲ. ಆದರೆ ಕಂಪನಿಯ ತುದಿಗಿಂತ ಇದು ಗಟ್ಟಿ. ಕೆಲವರು ಹೊಸ ಶೂ ತಂದ ದಿನವೇ ತೇಪೆ ಹಾಕಿಸಿಬಿಡಿ ಅನ್ನುತ್ತಾರೆ. ನಾನು ಬೇಡ ಅನ್ನುತ್ತೇನೆ. ಮೊದಲು ಕೆಲವು ವಾರ ಆಡಿ, ಎಲ್ಲಿ ಸವೆಯುತ್ತದೆ ಅಂತ ನೋಡಿ, ಅಲ್ಲಿಗೆ ಮಾತ್ರ ಹಾಕಿಸಬೇಕು. ತಪ್ಪು ಜಾಗದಲ್ಲಿ ಹಾಕಿಸಿದರೆ ತೂಕ ಹೆಚ್ಚುತ್ತದೆ, ಬೆರಳ ಹತ್ತಿರ ಶೂ ಬಾಗುವುದೂ ಕಷ್ಟವಾಗುತ್ತದೆ.

ಮೊನ್ನೆ ಅಕ್ಕನ ಮಗನನ್ನೂ ಕಾಕಾ ಬಳಿ ಕರೆದುಕೊಂಡು ಹೋಗಿದ್ದೆ. ಅವನಿಗೂ ಟ್ರೇಲ್ ಶೂ ಬಂದಿದೆ. ಕಾಕಾ ನನ್ನನ್ನು ನೋಡಿದವರೇ ಅವನ ಎಡ ಶೂ ಕೈಗೆ ತೆಗೆದುಕೊಂಡು ಅರ ಹಿಡಿದರು. ಅವನು ಎಡಚ, ಅವನದು ಬಲ ಶೂ ತುದಿ ಸವೆದಿತ್ತು. ಹಾಗಂದೆ. ಕಾಕಾ ಎರಡನ್ನೂ ಪಕ್ಕ ಪಕ್ಕ ಇಟ್ಟು ಸ್ವಲ್ಪ ಹೊತ್ತು ನೋಡಿದರು.

"ಹಂಗಾದ್ರ ಎರಡಕ್ಕೂ ಹಾಕಿಬಿಡ್ಲೇನವ್ವಾ?"

ಹಾಕಿ ಅಂದೆ. ಹುಡುಗ ಈಗ ಬಲಗೈಯಲ್ಲೂ ಎಸೆಯಲು ಶುರು ಮಾಡಿದ್ದಾನೆ.